ಅರ್ಧ ಪತ್ರಿಕೆಯ ಪಾಠ, ಇಡೀ ಬಾಯಿಯ ಕಥೆ

ಬಿಡಿಎಸ್ ಮೊದಲ ವರ್ಷದಲ್ಲಿ ಬಯೋಕೆಮಿಸ್ಟ್ರಿಗೆ ಸಿಗುವುದು ಅರ್ಧ ಪತ್ರಿಕೆ. ಉಳಿದರ್ಧ ಶರೀರಕ್ರಿಯಾಶಾಸ್ತ್ರದ ಪಾಲು. ಭಾರತೀಯ ದಂತ ಪರಿಷತ್ತು ರೂಪಿಸಿದ ಪಠ್ಯಕ್ರಮದಲ್ಲಿ ಇವೆರಡೂ ಪೋಷಣೆ ಹಾಗೂ ಪಥ್ಯಾಹಾರದ ಜೊತೆ ಸೇರಿ ಒಂದೇ ವಿಷಯವಾಗಿವೆ. ನಾಲ್ಕು ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ಹೊರಬರುವ ಹೊತ್ತಿಗೆ ಹೆಚ್ಚಿನ ವಿದ್ಯಾರ್ಥಿಗಳ ನೆನಪಿನಲ್ಲಿ ಕ್ರೆಬ್ಸ್ ಚಕ್ರದ ಚಿತ್ರವೊಂದು ಮಸುಕಾಗಿ ಉಳಿದಿರುತ್ತದೆ, ಅಷ್ಟೆ. ಹಲ್ಲು ಕೀಳುವ, ತುಂಬುವ, ಕಟ್ಟುವ ಕೈಗೆ ಕಿಣ್ವಗಳ ಹೆಸರು ಏಕೆ ಬೇಕು ಎಂದು ಅವರು ಕೇಳುವುದು ಸಹಜ.

ಕೋಲಾರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಪುಸ್ತಕಕ್ಕಿಂತ ಮೊದಲು ಮಕ್ಕಳ ಬಾಯಲ್ಲಿ ಸಿಗುತ್ತದೆ. ಬಂಗಾರಪೇಟೆ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ, ತಮಿಳುನಾಡು ಮತ್ತು ಆಂಧ್ರದ ಗಡಿಗೆ ಹತ್ತಿರದಲ್ಲಿದೆ ಕಾಮಸಮುದ್ರ. ಬಂಗಾರಪೇಟೆ ಬಿಟ್ಟ ರೈಲು ಕುಪ್ಪಂ ಕಡೆಗೆ ಸಾಗುವಾಗ ದಾರಿಯಲ್ಲಿ ಸಿಗುವ ನಿಲ್ದಾಣ. ರಾಗಿ, ಟೊಮೆಟೊ, ಮಾವು, ಹಿಪ್ಪುನೇರಳೆ ಬೆಳೆಯುವ ಸೀಮೆ. ಗಡಿಯ ಕಾಡಿನಿಂದ ಆನೆಗಳು ಹೊಲಕ್ಕಿಳಿದವೆಂಬ ಸುದ್ದಿಯಲ್ಲಿ ಈ ಹೋಬಳಿಯ ಹೆಸರು ಆಗಾಗ ಬರುತ್ತದೆ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲೆಲ್ಲೂ ಇಲ್ಲ. ಬೆಳೆಗೂ ಬೋರ್‌ವೆಲ್, ಕುಡಿಯಲೂ ಬೋರ್‌ವೆಲ್. ಈ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಕೋಲಾರ ಜಿಲ್ಲೆಗೆ ಹಳೆಯ ತಲೆನೋವು.

ಹಲ್ಲಿನ ಮೇಲೆ ಅದು ಬರೆಯುವ ಗುರುತನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಏಳೆಂಟು ವರ್ಷದ ಮಗುವಿನ ಮುಂದಿನ ಎರಡು ದೊಡ್ಡ ಹಲ್ಲುಗಳು ಆಗಷ್ಟೇ ಹೊರಬಂದಿವೆ ಎನ್ನಿ. ಮೇಲ್ಮೈ ಮೇಲೆ ಸುಣ್ಣ ಬಳಿದಂಥ ಮಂಕು ಬಿಳುಪು, ಅಡ್ಡಡ್ಡ ಗೆರೆಗಳು. ಎಡಗಡೆಯ ಹಲ್ಲಿನಲ್ಲಿ ಗೆರೆ ಎಷ್ಟು ಎತ್ತರದಲ್ಲಿದೆಯೋ ಬಲಗಡೆಯ ಜೋಡಿ ಹಲ್ಲಿನಲ್ಲೂ ಅಷ್ಟೇ ಎತ್ತರದಲ್ಲಿರುತ್ತದೆ. ಒಂದೆರಡು ವರ್ಷ ಕಳೆದಂತೆ ಬಿಳುಪು ಹಳದಿಗೆ, ಹಳದಿ ಕಂದಿಗೆ ತಿರುಗುತ್ತದೆ. ತಾಯಿ ಇದ್ದಿಲು, ಉಪ್ಪು ಹಾಕಿ ಉಜ್ಜಿಸುತ್ತಾಳೆ, ಹೋಗುವುದಿಲ್ಲ. ಶಾಲೆಯಲ್ಲಿ ಹಲ್ಲುಜ್ಜದ ಹುಡುಗ ಎಂಬ ಹೆಸರು ಬರುತ್ತದೆ. ಕೈಯಿಂದ ಬಾಯಿ ಮುಚ್ಚಿಕೊಂಡು ನಗುವುದನ್ನು ಆ ಮಗು ಅಷ್ಟರಲ್ಲಿ ಕಲಿತಿರುತ್ತದೆ. ಜೀವರಸಾಯನ ಓದಿದ ದಂತವೈದ್ಯ ಈ ಮಗುವಿಗೆ ಹೇಳಬೇಕಾದ ಮೊದಲ ಮಾತು ಇದು: ತಪ್ಪು ನಿನ್ನದಲ್ಲ, ಇದು ಕೊಳೆಯೇ ಅಲ್ಲ.

ಹಾಗಾದರೆ ಏನು? ಹಲ್ಲಿನ ಹೊರಕವಚವಾದ ಎನಾಮಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಕೂಡಿ ಆಗುವ ಹೈಡ್ರಾಕ್ಸಿಅಪಟೈಟ್ ಎಂಬ ಹರಳು ಅದು. ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಆದರೆ ಅದು ಹುಟ್ಟುವಾಗ ಮೆತ್ತಗಿನ ಪ್ರೋಟೀನು. ಅಮೆಲೋಬ್ಲಾಸ್ಟ್ ಎಂಬ ಕೋಶಗಳು ಮೊದಲು ಅಮೆಲೋಜೆನಿನ್ ಎಂಬ ಪ್ರೋಟೀನನ್ನು ಸುರಿಸಿ ಅಚ್ಚು ಹಾಕುತ್ತವೆ. ಅದರೊಳಗೆ ಹರಳು ಎಳೆ ಎಳೆಯಾಗಿ ಬೆಳೆಯುತ್ತದೆ. ಆಮೇಲೆ ಎರಡು ಕಿಣ್ವಗಳು ಬಂದು ಪ್ರೋಟೀನನ್ನು ಕತ್ತರಿಸಿ ಹೊರಹಾಕುತ್ತವೆ, ತೆರವಾದ ಜಾಗವನ್ನು ಹರಳು ತುಂಬಿಕೊಳ್ಳುತ್ತದೆ. ಫ್ಲೋರೈಡ್ ಹೆಚ್ಚಾದರೆ ಈ ಕೊನೆಯ ತೆರವು ಕಾರ್ಯ ನಿಧಾನವಾಗುತ್ತದೆ. ಪ್ರೋಟೀನು ಹೊರಹೋಗದೆ ಉಳಿದ ಕಡೆ ಹರಳು ದಪ್ಪಗಾಗುವುದಿಲ್ಲ. ಮೇಲ್ಮೈ ಕೆಳಗೆ ಸಣ್ಣ ಸಣ್ಣ ರಂಧ್ರಗಳು ಉಳಿದುಬಿಡುತ್ತವೆ. ಬೆಳಕು ಅಲ್ಲಿ ಚದುರುವುದರಿಂದ ಸುಣ್ಣದ ಬಿಳುಪು. ಹಲ್ಲು ಹೊರಬಂದ ಮೇಲೆ ಆಹಾರದ ಬಣ್ಣ ಆ ರಂಧ್ರಗಳಿಗಿಳಿದು ಕಂದು. ಹಲ್ಲು ಮೂಡುವ ಹೊತ್ತಿಗೆ ಅಮೆಲೋಬ್ಲಾಸ್ಟ್‌ಗಳು ಅಳಿದುಹೋಗಿರುತ್ತವೆ. ಎಲುಬು ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮಲ್ ಹಾಳಾಗಿ ಹುಟ್ಟಿದರೆ ಅದನ್ನು ಮತ್ತೆ ಕಟ್ಟಲು ಕೋಶವೇ ಇಲ್ಲ.

ಮೇಲಿನ ಮುಂದಿನ ಹಲ್ಲುಗಳ ಮಟ್ಟಿಗೆ ಫ್ಲೋರೈಡಿಗೆ ಅತಿ ಸೂಕ್ಷ್ಮವಾದ ಅವಧಿ ಸುಮಾರು ಒಂದೂಕಾಲು ವರ್ಷದಿಂದ ಮೂರು ವರ್ಷದೊಳಗೆ. ಹಲ್ಲು ಬಾಯಿಗೆ ಬರುವುದು ಏಳೆಂಟನೆಯ ವರ್ಷಕ್ಕೆ. ಎಂದರೆ ಎರಡನೇ ತರಗತಿಯ ಹುಡುಗಿಯ ಹಲ್ಲಿನ ಮೇಲೆ ಕಾಣುತ್ತಿರುವುದು ಅವಳು ತೊದಲು ಮಾತಾಡುತ್ತಿದ್ದಾಗ ಕುಡಿದ ನೀರು. ಎಡ ಬಲ ಹಲ್ಲುಗಳ ಗೆರೆ ಒಂದೇ ಎತ್ತರಕ್ಕಿರುವುದೂ ಇದರಿಂದಲೇ. ಎರಡೂ ಹಲ್ಲುಗಳ ಆ ಭಾಗ ಕಟ್ಟಿದ್ದು ಒಂದೇ ಕಾಲದಲ್ಲಿ. ಹುಳುಕಿನ ಕಲೆಗೆ ಈ ಜೋಡಿ ಶಿಸ್ತು ಇರುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಬಾರದಿದ್ದರೆ ಕೊರೆಯಬೇಕಿಲ್ಲದ ಹಲ್ಲನ್ನು ಡ್ರಿಲ್ ಕೊರೆಯುತ್ತದೆ. ಅರ್ಧ ಪತ್ರಿಕೆಯಲ್ಲಿ ಓದಿದ್ದು ನೇರವಾಗಿ ಕೈಗೆ ಬರುವುದು ಇಲ್ಲಿ.

ನೀರಿಗೆ ಫ್ಲೋರೈಡ್ ಬರುವುದು ಬಂಡೆಯಿಂದ. ಕೋಲಾರದ ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಬಯೋಟೈಟ್, ಫ್ಲೋರೈಟ್, ಅಪಟೈಟ್ ಮುಂತಾದ ಖನಿಜಗಳಿವೆ. ಹಲ್ಲಿನ ಹರಳೂ ಬಂಡೆಯ ಅಪಟೈಟೂ ಒಂದೇ ಕುಲದವು. ನೀರು ಬಂಡೆಯ ಬಿರುಕಿನಲ್ಲಿ ಎಷ್ಟು ಕಾಲ ನಿಲ್ಲುತ್ತದೋ ಅಷ್ಟು ಫ್ಲೋರೈಡ್ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬನೇಟ್ ಹೆಚ್ಚಿದ್ದರೆ ಇನ್ನೂ ಹೆಚ್ಚು. ಕ್ಯಾಲ್ಸಿಯಂ ಇದ್ದಿದ್ದರೆ ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತಿತ್ತು. ಪಿಯುಸಿಯಲ್ಲಿ ವಿಲೇಯತಾ ಗುಣಲಬ್ಧ ಎಂದು ಬಾಯಿಪಾಠ ಮಾಡುವ ಪಾಠವೇ ಇದು. ತೆರೆದ ಬಾವಿ, ಕೆರೆಗಳ ನೀರು ಬಂಡೆಯ ಜೊತೆ ಹೆಚ್ಚು ಕಾಲ ಇರುತ್ತಿರಲಿಲ್ಲ. ಅವು ಬತ್ತಿ, ಬೋರ್‌ವೆಲ್‌ಗಳು ನೂರಾರು ಅಡಿ ಆಳಕ್ಕಿಳಿದಂತೆ ಕೊಡಕ್ಕೆ ಬರುವ ನೀರೇ ಬದಲಾಯಿತು. ಭಾರತೀಯ ಮಾನಕ ಬ್ಯೂರೊ ಲೀಟರಿಗೆ 1 ಮಿಲಿಗ್ರಾಂ ಮಿತಿ ಇಟ್ಟಿದೆ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ. ಒಂದೇ ಊರಿನ ಎರಡು ಬೋರ್‌ವೆಲ್‌ಗಳ ಅಂಕಿ ಒಂದೇ ಇರಬೇಕೆಂದೇನೂ ಇಲ್ಲ.

ಫ್ಲೋರೋಸಿಸ್ ಎಂಬ ಈ ಕಾಯಿಲೆಯ ಮೂಲ ಹುಡುಕಿಕೊಟ್ಟಿದ್ದು ದಂತವೈದ್ಯ ಮತ್ತು ರಸಾಯನಶಾಸ್ತ್ರಜ್ಞರ ಜೊತೆಗಾರಿಕೆ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ವೃತ್ತಿಗೆಂದು ಬಂದ ಫ್ರೆಡರಿಕ್ ಮೆಕೇ ಊರ ಮಕ್ಕಳ ಕಂದು ಹಲ್ಲು ನೋಡಿ ಬೆರಗಾದರು. ನೀರೇ ಕಾರಣವೆಂದು ಅವರಿಗೆ ಅನುಮಾನ ಬಂದರೂ ನೀರಿನಲ್ಲಿ ಏನೆಂದು ಹೇಳಲಾಗಲಿಲ್ಲ. ಮೂರು ದಶಕ ಕಾದ ಮೇಲೆ, 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಅಂಥದೇ ಊರೊಂದರ ನೀರನ್ನು ಪರೀಕ್ಷಿಸಿ ಫ್ಲೋರೈಡನ್ನು ಗುರುತಿಸಿದರು. ನಮ್ಮ ಸುತ್ತಲಿನ ಕಥೆ ಅದಕ್ಕಿಂತ ಬಹಳ ಹಿಂದೇನೂ ಇಲ್ಲ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ ಬೆನ್ನು ಮೂಳೆ ಬಿಗಿದು ಬಗ್ಗಲಾಗದ ಜನರನ್ನು ವೈದ್ಯರು ವರದಿ ಮಾಡಿದ್ದು 1937ರಲ್ಲಿ. ಅಂದರೆ ಹಲ್ಲಿನ ಕಲೆ ಈ ಕಾಯಿಲೆಯ ಮೊದಲ ಮುಖ ಮಾತ್ರ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಒಳಹೋದರೆ ಮುಂದಿನದು ಮೂಳೆಯ ಸರದಿ. ಹಲ್ಲು ನೋಡುವವರು ಅದನ್ನು ಎಲ್ಲರಿಗಿಂತ ಮೊದಲು ಕಾಣುತ್ತಾರೆ.

ಇಷ್ಟು ಕೇಳಿದವರು ಫ್ಲೋರೈಡ್ ಬರೀ ವಿಷ ಎಂದುಕೊಂಡು ಮನೆಯ ಟೂತ್‌ಪೇಸ್ಟ್ ಎಸೆಯಬಾರದು. ಶುಗರ್ ಪರೀಕ್ಷೆಗೆ ರಕ್ತ ಕೊಡುವಾಗ ಒಮ್ಮೆ ಗಮನಿಸಿ. ಆ ರಕ್ತ ಬೂದು ಮುಚ್ಚಳದ ಸಣ್ಣ ಕೊಳವೆಗೆ ಹೋಗುತ್ತದೆ. ಅದರ ತಳದಲ್ಲಿ ಬಿಳಿ ಪುಡಿಯಿರುತ್ತದೆ. ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್. ರಕ್ತಕಣಗಳು ಕೊಳವೆಯೊಳಗೂ ಜೀವಂತವಾಗಿದ್ದು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕಾಮಸಮುದ್ರದಲ್ಲಿ ತೆಗೆದ ರಕ್ತ ಬಂಗಾರಪೇಟೆಯ ಲ್ಯಾಬ್ ಮುಟ್ಟುವಷ್ಟರಲ್ಲಿ ಸಕ್ಕರೆ ಇಳಿದು ಸುಳ್ಳು ಫಲಿತಾಂಶ ಬಂದೀತು. ಫ್ಲೋರೈಡ್ ಇನೊಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ, ಸಕ್ಕರೆ ಒಡೆಯುವ ಸರಪಳಿ ನಡುವೆಯೇ ನಿಲ್ಲುತ್ತದೆ. ಬಾಯಿಯ ಬ್ಯಾಕ್ಟೀರಿಯಾಗಳಲ್ಲೂ ಇದೇ ಕಿಣ್ವ, ಇದೇ ಸರಪಳಿ. ಹಲ್ಲುಜ್ಜಿದಾಗ ಪೇಸ್ಟಿನ ಫ್ಲೋರೈಡ್ ಅವುಗಳ ಆಮ್ಲ ತಯಾರಿಯನ್ನು ಕುಗ್ಗಿಸುತ್ತದೆ. ಹಲ್ಲಿನ ಹರಳಿನಲ್ಲಿ ಹೈಡ್ರಾಕ್ಸಿಲ್ ಜಾಗವನ್ನು ಫ್ಲೋರೈಡ್ ಹಿಡಿದರೆ ಆ ಹರಳು ಆಮ್ಲಕ್ಕೆ ಬೇಗ ಕರಗುವುದಿಲ್ಲ. ಪೇಸ್ಟಿನಲ್ಲಿ ಹತ್ತು ಲಕ್ಷಕ್ಕೆ ಸುಮಾರು 1,000 ಪಾಲು ಫ್ಲೋರೈಡ್ ಇದ್ದರೂ ಉಗುಳುತ್ತೇವೆ, ಅದರ ಕೆಲಸ ಹಲ್ಲಿನ ಮೇಲೆಯೇ ಮುಗಿಯುತ್ತದೆ. ನೀರಿನ ಮೂರು ನಾಲ್ಕು ಪಾಲು ದಿನವಿಡೀ ಹೊಟ್ಟೆಗಿಳಿದು, ರಕ್ತ ಸೇರಿ, ಇನ್ನೂ ಕಟ್ಟುತ್ತಿರುವ ಹಲ್ಲನ್ನು ಮುಟ್ಟುತ್ತದೆ. ಉಗುಳಲು ಬಾರದ ಪುಟ್ಟ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು ಎನ್ನುವುದು ಈ ಲೆಕ್ಕದಿಂದಲೇ.

ಆಮ್ಲದ ಕಥೆಯನ್ನು ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು.ಡಿ. ಮಿಲ್ಲರ್ 1890ರಲ್ಲೇ ಹೇಳಿದ್ದರು. ಹಲ್ಲಿಗೆ ಹುಳ ಬೀಳುವುದಿಲ್ಲ, ಬಾಯಿಯ ಸೂಕ್ಷ್ಮಜೀವಿಗಳು ಪಿಷ್ಟ ಸಕ್ಕರೆಗಳನ್ನು ಹುದುಗಿಸಿ ಮಾಡುವ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂಬುದು ಅವರ ವಾದ. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅದನ್ನು ಅಳೆದು ತೋರಿಸಿದರು. ಸಕ್ಕರೆ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯ ಪಿಎಚ್ 5.5ರ ಕೆಳಗಿಳಿಯುತ್ತದೆ, ಮತ್ತೆ ಮೇಲೇರಲು ಅರ್ಧ ಮುಕ್ಕಾಲು ಗಂಟೆ ಬೇಕು. ಆ 5.5 ಎನಾಮಲ್ ಕರಗತೊಡಗುವ ಗೆರೆ. ಇಳಿದ ಪಿಎಚ್ ಅನ್ನು ಮೇಲೆತ್ತುವುದು ಜೊಲ್ಲಿನಲ್ಲಿರುವ ಬೈಕಾರ್ಬನೇಟ್. ಕರಗಿದ ಕ್ಯಾಲ್ಸಿಯಂ ಫಾಸ್ಫೇಟನ್ನು ಹಲ್ಲಿಗೆ ಹಿಂತಿರುಗಿಸುವುದೂ ಜೊಲ್ಲೇ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಬಂಗಾರಪೇಟೆಯಲ್ಲೊಂದು ಚಹಾ, ಮಾಲೂರು ದಾಟಿ ಮತ್ತೊಂದು, ಆಫೀಸಿನಲ್ಲಿ ಇನ್ನೊಂದು ಕುಡಿಯುತ್ತಾರೆ. ಒಟ್ಟು ಸಕ್ಕರೆ ಮೂರು ಚಮಚೆ ಇರಬಹುದು. ಆದರೆ ಜೊಲ್ಲು ಚೇತರಿಸಿಕೊಳ್ಳುವ ಮೊದಲೇ ಮುಂದಿನ ಗುಟುಕು ಬಂದರೆ ಹಲ್ಲು ಬೆಳಗಿಡೀ ಆಮ್ಲದಲ್ಲೇ ಇರುತ್ತದೆ. ಎಷ್ಟು ಸಿಹಿ ತಿಂದಿರಿ ಎಂದು ಮಾತ್ರ ಕೇಳುವ ವೈದ್ಯರಿಗಿಂತ ಎಷ್ಟು ಸಲ ತಿಂದಿರಿ ಎಂದು ಕೇಳುವವರು ಸ್ಟೀಫನ್ನರ ವಕ್ರರೇಖೆಯನ್ನು ನಿಜವಾಗಿ ಓದಿದವರು.

ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ಬೆಳೆದ ವಿದ್ಯಾರ್ಥಿಗೆ ಇನ್ನೊಂದು ಕಿಣ್ವದ ಪಾಠ ಕಣ್ಣೆದುರೇ ಇದೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಊರ ನಡುವೆ ನಿಂತೇ ಇವೆ. ಅದಿರಿನ ಪುಡಿಯಿಂದ ಚಿನ್ನ ಕರಗಿಸಲು ಬಳಸುತ್ತಿದ್ದ ಸೈನೈಡ್ ಕೋಶದೊಳಗಿನ ಸೈಟೋಕ್ರೋಮ್ ಆಕ್ಸಿಡೇಸ್ ಕಿಣ್ವವನ್ನು ಹಿಡಿದು, ಆಮ್ಲಜನಕ ಇದ್ದರೂ ಬಳಸಲಾಗದಂತೆ ಮಾಡುತ್ತದೆ. ಕಿಣ್ವವೊಂದನ್ನು ತಡೆದರೆ ಏನಾಗುತ್ತದೆ ಎಂದು ಹೇಳಲು ಇಲ್ಲಿಯ ಮೇಷ್ಟ್ರಿಗೆ ದೂರದ ಉದಾಹರಣೆ ಬೇಡ.

ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಜಗಿಯುವವರ ಬಾಯಿ ಮತ್ತೊಂದು ಅಧ್ಯಾಯ. ದಂತವೈದ್ಯರು ಇಂಥವರಿಗೆ ಬಾಯಿ ತೆರೆದು ತಮ್ಮದೇ ಮೂರು ಬೆರಳುಗಳನ್ನು ನೆಟ್ಟಗೆ ಇಡಲು ಹೇಳುತ್ತಾರೆ. ಎರಡೇ ಬೆರಳು ಹಿಡಿದರೆ ಕೆನ್ನೆಯ ಒಳಪದರ ಬಿಗಿಯುತ್ತಿದೆ ಎಂದರ್ಥ. ಅಡಿಕೆಯ ಅರಿಕೊಲಿನ್ ನಾರು ಹೆಣೆಯುವ ಕೋಶಗಳನ್ನು ಕೆರಳಿಸಿ ಕೊಲಾಜೆನ್ ಹೆಚ್ಚಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಅದು ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟುತ್ತದೆ. ಹೀಗೆ ಬಿಗಿದ ಎಳೆಯನ್ನು ಒಡೆಯುವುದು ದೇಹಕ್ಕೆ ಕಷ್ಟ. ಬಾಯಿ ತೆರೆಯಲಾಗದ, ಖಾರ ತಾಳಲಾಗದ ಈ ಸ್ಥಿತಿ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕುತ್ತೇನೆ, ತೊಂದರೆಯಿಲ್ಲ ಎನ್ನುವವರಿಗೆ ಉತ್ತರ ಕೊಡಬೇಕಾದರೆ ಅಡಿಕೆಯೇ ಏನು ಮಾಡುತ್ತದೆಂದು ತಿಳಿದಿರಲೇಬೇಕು.

ಚುಚ್ಚುಮದ್ದಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೀವು ತುಂಬಿದ ಹಲ್ಲಿಗೆ ಮರಗಟ್ಟಿಸುವ ಸೂಜಿ ಸರಿಯಾಗಿ ಹತ್ತುವುದಿಲ್ಲ ಎಂದು ರೋಗಿಗಳೆಲ್ಲ ಬಲ್ಲರು. ಆ ಮರಗಟ್ಟಿಸುವ ಔಷಧ ಲಿಡೊಕೇನ್‌ನ ಪಿಕೆಎ 7.9. ಆರೋಗ್ಯವಂತ ಅಂಗಾಂಶದ ಪಿಎಚ್ 7.4ರಲ್ಲಿ ಔಷಧದ ನೂರರಲ್ಲಿ ಸುಮಾರು 24 ಪಾಲು ನರದ ಪೊರೆ ದಾಟಬಲ್ಲ ರೂಪದಲ್ಲಿರುತ್ತದೆ. ಕೀವಿನಿಂದ ಪಿಎಚ್ 6ಕ್ಕೆ ಇಳಿದಿದ್ದರೆ ಅದು ನೂರಕ್ಕೆ ಒಂದರ ಆಸುಪಾಸು. ಹೆಂಡರ್ಸನ್-ಹ್ಯಾಸೆಲ್‌ಬಾಲ್ಕ್ ಸಮೀಕರಣ ಬಲ್ಲ ವೈದ್ಯ ಅದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚದೆ, ಕೀವಿನಿಂದ ದೂರದಲ್ಲಿ ನರದ ಬುಡವನ್ನು ಹುಡುಕುತ್ತಾನೆ.

ಇಷ್ಟು ಬಳಕೆಗೆ ಬರುವ ಪಾಠ ನಮ್ಮಲ್ಲಿ ಏಕೆ ಮಸುಕಾಗುತ್ತದೆ? ಅಮೆರಿಕದಲ್ಲಿ ದಂತ ವೈದ್ಯಕೀಯಕ್ಕೆ ಸೇರುವವರು ಸಾಮಾನ್ಯವಾಗಿ ಪದವಿ ಮುಗಿಸಿರುತ್ತಾರೆ. ಅಲ್ಲಿನ ಎಷ್ಟೋ ಕಾಲೇಜುಗಳು ಬಯೋಕೆಮಿಸ್ಟ್ರಿ ಓದಿ ಬಂದವರನ್ನೇ ಸೇರಿಸಿಕೊಳ್ಳುತ್ತವೆ. ನಮ್ಮಲ್ಲಿ ಪಿಯುಸಿ, ನೀಟ್ ಮುಗಿಸಿದ ಹದಿನೆಂಟರ ಹುಡುಗಿ ಮೊದಲ ಸಲ ಈ ವಿಷಯವನ್ನು ಕಾಣುವುದೇ ಬಿಡಿಎಸ್ ತರಗತಿಯಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಾದರೆ ಹೊಸ ವಿಷಯದ ಜೊತೆ ಹೊಸ ಭಾಷೆಯೂ ತಲೆಯ ಮೇಲೆ ಬೀಳುತ್ತದೆ. ಉರು ಹೊಡೆದು ದಾಟುವುದಲ್ಲದೆ ಅವಳಿಗೆ ದಾರಿಯಿರುವುದಿಲ್ಲ. ವರ್ಷ ಕಳೆದಂತೆ ಕ್ಲಿನಿಕ್ಕಿಗೆ ಹೋದಾಗ ಓದಿದ್ದನ್ನು ರೋಗಿಯ ಬಾಯಿಗೆ ಜೋಡಿಸಿ ತೋರಿಸುವವರೂ ಇರುವುದಿಲ್ಲ, ಏಕೆಂದರೆ ಬಯೋಕೆಮಿಸ್ಟ್ರಿ ಮೇಷ್ಟ್ರು ಮೊದಲ ವರ್ಷದಲ್ಲೇ ಉಳಿದುಬಿಟ್ಟಿರುತ್ತಾರೆ. ಈ ಬೇರ್ಪಡಿಕೆ ನನಗೆ ಸರಿಕಾಣುವುದಿಲ್ಲ. ಕೆಜಿಎಫ್‌ನ ಬೆಮೆಲ್ ನಗರದಲ್ಲಿ ದಂತ ವೈದ್ಯಕೀಯ ಕಾಲೇಜಿದೆ, ಸುತ್ತಲೂ ಬೋರ್‌ವೆಲ್‌ಗಳಿವೆ. ಮೊದಲ ವರ್ಷದ ವಿದ್ಯಾರ್ಥಿಗಳು ಕಾಮಸಮುದ್ರ, ಬೇತಮಂಗಲ, ಬೂದಿಕೋಟೆಗಳ ಕಡೆ ಹೋಗಿ ಬಾಟಲಿಯಲ್ಲಿ ನೀರು ತಂದು, ಪ್ರಯೋಗಾಲಯದಲ್ಲಿ ತಾವೇ ಫ್ಲೋರೈಡ್ ಅಳೆದು, ಅದೇ ಊರಿನ ಮಕ್ಕಳ ಹಲ್ಲು ನೋಡಿ ಬಂದರೆ ಒಂದು ಇಡೀ ಅಧ್ಯಾಯ ಜೀವಮಾನಕ್ಕೆ ಉಳಿಯುತ್ತದೆ.

ಅವರು ಊರವರಿಗೆ ಹೇಳಬಹುದಾದ ಮಾತುಗಳೂ ಬಹಳಷ್ಟಿವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಸಾಂದ್ರವಾಗುತ್ತದೆ. ಕ್ಯಾಂಡಲ್ ಫಿಲ್ಟರ್ ಅದನ್ನು ತಡೆಯುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ತಡೆಯುತ್ತದೆ, ಆದರೆ ಕ್ಯಾಲ್ಸಿಯಂ ಸಹ ಅದರ ಜೊತೆಗೇ ಹೋಗುತ್ತದೆ. ಘಟಕ ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಹೆಚ್ಚಿರುತ್ತದೆ, ಅದನ್ನು ಚರಂಡಿಗೆ ಬಿಟ್ಟು ಮರೆಯುವುದು ತಪ್ಪು. ಆಲಂ, ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲಗೊಂಡ ವಿಧಾನ 1970ರ ದಶಕದಿಂದಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮೆಗ್ನೀಷಿಯಂ ಆಕ್ಸೈಡ್ ಬಳಸುವ ವಿಧಾನ ರೂಪಿಸಿದ್ದಾರೆ. ಊಟದ ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡನ್ನು ಹಿಡಿದು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆಯಿಂದ ಬಿಳಿ ಅನ್ನಕ್ಕೆ ಹೊರಳುವ ಮನೆಗಳಲ್ಲಿ ಈ ಲೆಕ್ಕ ಹೇಳಲೇಬೇಕು. ಹಾಗೆಂದು ರಾಗಿಯೊಂದೇ ಕೆಟ್ಟ ನೀರನ್ನು ಸರಿಪಡಿಸಿಬಿಡುವುದಿಲ್ಲ.

ಮೇಲ್ಮೈ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಬಂಗಾರಪೇಟೆ ತಾಲ್ಲೂಕಿನಲ್ಲೇ, ಮಾರ್ಕಂಡೇಯ ನದಿಗೆ ಯರಗೋಳ್ ಬಳಿ ಕಟ್ಟಿದ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾದದ್ದು ಹಲ್ಲಿನ ಮಟ್ಟಿಗೂ ಒಳ್ಳೆಯ ಸುದ್ದಿ. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಕುಡಿಯುವ ನೀರು ಕೊಡಲು ರೂಪಿಸಿದ ಯೋಜನೆಯದು. ಅಣೆಕಟ್ಟಿನ ಸುತ್ತಲಿನ ಹಳ್ಳಿಗಳಿಗೂ ಆ ನೀರು ಬರಬೇಕೆಂದು ಕೇಳುವುದು ನ್ಯಾಯ.

ಅಣೆಕಟ್ಟಿನ ನೀರು ಕೊಳವೆಯಲ್ಲಿ ಬರುವತನಕ, ಈಗಿರುವ ಶುದ್ಧ ನೀರನ್ನು ಯಾರಿಗೆ ಮೊದಲು ಕೊಡಬೇಕು ಎಂಬುದನ್ನು ಬಯೋಕೆಮಿಸ್ಟ್ರಿಯೇ ಹೇಳುತ್ತದೆ. 2008-09ರಲ್ಲಿ ಶುರುವಾದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಲ್ಲಿ 6ರಿಂದ 11 ವರ್ಷದ ಶಾಲಾ ಮಕ್ಕಳ ಹಲ್ಲು ನೋಡುತ್ತಾರೆ. ಊರಿನಲ್ಲಿ ಕಾಯಿಲೆ ಇದೆಯೇ ಎಂದು ತಿಳಿಯಲು ಅದು ಸರಿಯಾದ ವಯಸ್ಸು. ತಡೆಯಲು ಅಲ್ಲ. ಮುಂದಿನ ಹಲ್ಲುಗಳ ಎನಾಮಲ್ ಕಟ್ಟುವ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಎದೆಹಾಲಿಗೆ ಅದು ಇಳಿಯುವುದು ಅತ್ಯಲ್ಪ. ಅಪಾಯ ಹೆಚ್ಚುವುದು ಆರು ತಿಂಗಳಾದ ಮೇಲೆ, ಬೋರ್‌ವೆಲ್ ನೀರಿನಲ್ಲಿ ರಾಗಿ ಸರಿ ಕಾಯಿಸಿ ತಿನ್ನಿಸತೊಡಗಿದಾಗ, ಡಬ್ಬಿ ಹಾಲಿನ ಪುಡಿಯನ್ನು ಅದೇ ನೀರಿನಲ್ಲಿ ಕಲಸಿದಾಗ. ಆದ್ದರಿಂದ ಹೋಬಳಿಯ ಪ್ರತಿ ಅಂಗನವಾಡಿಯ ನೀರನ್ನು ಮೊದಲು ಪರೀಕ್ಷಿಸಿ, ಆ ಅಂಕಿಯನ್ನು ಗೋಡೆಯ ಮೇಲೆ ಬರೆಯಬೇಕು. ಮನೆಗೆ ದಿನಕ್ಕೆ ಒಂದೇ ಕ್ಯಾನ್ ಆರ್‌ಒ ನೀರು ಬರುವುದಾದರೆ ಅದರಲ್ಲಿ ಮಗುವಿನ ಸರಿ, ಗಂಜಿ, ಕುಡಿಯುವ ನೀರಿಗೆ ಬೇಕಾದಷ್ಟನ್ನು ಮೂರು ತುಂಬುವವರೆಗೂ ಪ್ರತ್ಯೇಕ ಎತ್ತಿಡುವಂತೆ ಅಂಗನವಾಡಿ ಕಾರ್ಯಕರ್ತೆಯರು ಮತ್ತು ದಂತವೈದ್ಯರು ತಾಯಂದಿರಿಗೆ ಹೇಳಬೇಕು. ಮೂರು ತುಂಬಿದ ಮೇಲೂ ಹಿಂದಿನ ಹಲ್ಲುಗಳ ಕಟ್ಟೋಣ ಎಂಟರವರೆಗೆ ನಡೆದೇ ಇರುತ್ತದೆ. ಶಾಲೆಯ ಬಿಸಿಯೂಟದ ಅಡುಗೆ ನೀರಿನ ಪರೀಕ್ಷೆ ಎರಡನೆಯ ಸರದಿ.